‘ಸರ್ ಓದಂಗಿಲ್ರಿ ಆಂಟಿ’

ಸಂಪಾದಕರಿಗೆ ನಮಸ್ಕಾರ.

ನಾನು ಕಲಬುರಗಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಹೆಂಗಸು. ಸೂಪರ್ ಮಾರ್ಕೆಟ್‌ನಿಂದ ಒಂದು ಓಣಿ ಒಳಗೆ ಬಂದರೆ ನನ್ನ ಅಂಗಡಿ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮಷಿನ್, ಸ್ಪೈರಲ್ ಬೈಂಡಿಂಗ್‌ಗೆ ತೂತು ಹೊಡೆಯುವ ಒಂದು ಹಳೇ ಯಂತ್ರ, ಒಂದು ಟೇಬಲ್ ಫ್ಯಾನು. ಏಪ್ರಿಲ್ ಬಿಸಿಲಿಗೆ ಮಷಿನ್ನೂ ಬೆವರುತ್ತೆ, ನಾನೂ ಬೆವರುತ್ತೇನೆ. 2003ರಲ್ಲಿ ಶುರು ಮಾಡಿದ್ದು. ಆಗ ಹುಡುಗರು ‘ಅಕ್ಕಾ’ ಅನ್ನುತ್ತಿದ್ದರು, ಈಗ ‘ಆಂಟಿ’ ಆಗಿದ್ದೇನೆ.

ಮಕ್ಕಳ ಓದು, ಮೊಬೈಲು, ಎಐ ಅಂತ ಪತ್ರಿಕೆಗಳಲ್ಲಿ ಬರುವುದನ್ನು ಗಿರಾಕಿ ಇಲ್ಲದ ಹೊತ್ತಲ್ಲಿ ಓದುತ್ತೇನೆ. ಬರೆಯುವವರು ಹೆಚ್ಚಾಗಿ ಪ್ರೊಫೆಸರ್‌ಗಳು, ಅಧಿಕಾರಿಗಳು. ಆದರೆ ಮಕ್ಕಳ ಪ್ರಾಜೆಕ್ಟು ಮೇಷ್ಟ್ರ ಕೈಗೆ ಹೋಗುವ ಮೊದಲು ನನ್ನ ಕೈಗೆ ಬರುತ್ತೆ. ಎಷ್ಟೋ ಸಲ ಅದನ್ನು ಪೂರ್ತಿ ಓದುವವಳು ನಾನೊಬ್ಬಳೇ ಇರಬೇಕು. ಅದಕ್ಕೇ ಈ ಪತ್ರ. ಉದ್ದ ಆಗಿದೆ, ಕತ್ತರಿ ನಿಮ್ಮ ಕೈಯಲ್ಲಿದೆ. ಹೆಸರು ಮಾತ್ರ ಹಾಕಬೇಡಿ, ನಾಳೆಯೂ ಇದೇ ಮಕ್ಕಳು ಅಂಗಡಿಗೆ ಬರಬೇಕು.

ಹೋದ ವರ್ಷ ಒಬ್ಬ ಹುಡುಗ ಬಂದ. ಸೇಡಂ ಕಡೆಯವನು, ಇಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಾನೆ. ಫೋನಿನಿಂದ ಫೈಲ್ ಕಳಿಸಿ, ‘ಆಂಟಿ, ಹನ್ನೆರಡು ಪೇಜ್ ಅದ, ಜಲ್ದಿ ಪ್ರಿಂಟ್ ಕೊಡ್ರಿ, ಬಸ್ ಹೋಗ್ಲತ್ತದ’ ಅಂದ. ವಿಷಯ ಮಳಖೇಡದ ಕೋಟೆ. ಪ್ರಿಂಟ್ ಕೊಡುವಾಗ ಮೊದಲ ಪುಟದ ಮೇಲೆ ಕಣ್ಣಾಡಿಸುವುದು ನನ್ನ ಅಭ್ಯಾಸ. ಟೈಪಿಂಗ್ ಮಾಡಿದವರಿಗೆ ಈ ಚಟ ಬಿಡುವುದಿಲ್ಲ. ಮೂರನೇ ಸಾಲಲ್ಲೇ ಇತ್ತು: ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ ತುಂಗಭದ್ರಾ ನದಿಯ ದಂಡೆಯ ಮೇಲಿದೆ.

‘ನಿಮ್ಮೂರ ಕಡೆ ಯಾವ ಹೊಳಿ ಹರೀತದೋ?’ ಅಂತ ಕೇಳಿದೆ.

‘ಕಾಗಿಣಾ ರೀ.’

‘ಮಳಖೇಡಕ್ಕ?’

‘ಅಲ್ಲೂ ಕಾಗಿಣಾನೇ ರೀ. ಕೋಟಿ ಮಗ್ಗಲಾಗೇ ಅದ.’

‘ಇಲ್ಲಿ ಏನಂತ ಬರದೀ ನೋಡು.’

ನೋಡಿದ. ನಕ್ಕ. ‘ನಾ ಎಲ್ಲಿ ಬರ್ದೀನ್ರಿ, ಎಐ ಬರ್ದದ’ ಅಂದ. ತಿದ್ದಿ ಕೊಡಲಾ ಅಂತ ಕೇಳಿದರೆ, ‘ಬ್ಯಾಡ್ರಿ ಆಂಟಿ, ಸರ್ ಓದಂಗಿಲ್ರಿ’ ಅಂದ. ಕೊನೇ ಪುಟ ಮಷಿನ್‌ನಿಂದ ಹೊರಗೆ ಬಂತು. ಅದರ ತುದಿಗೆ ಒಂದು ಸಾಲು: ‘ಇದಕ್ಕೆ ಚಿತ್ರಗಳನ್ನೂ ಸೇರಿಸಿ ಕೊಡಲೇ?’ ಅದು ಎಐ ಅವನಿಗೆ ಕೇಳಿದ ಪ್ರಶ್ನೆ. ಅದೂ ಪ್ರಾಜೆಕ್ಟಿನ ಭಾಗವಾಗಿ ಸ್ಪೈರಲ್ ಒಳಗೆ ಸೇರಿಕೊಂಡಿತು.

ಹದಿನೈದು ದಿನ ಬಿಟ್ಟು ಮತ್ತೆ ಬಂದಾಗ ಕೇಳಿದೆ. 20ಕ್ಕೆ 18 ಬಿದ್ದಿತ್ತಂತೆ.

ಈ ಕಥೆ ಹೇಳಿ ಹುಡುಗನನ್ನು ಬಯ್ಯೋಣ ಅಂತ ನಾನು ಹೊರಟಿಲ್ಲ. ಬಯ್ಯುವ ಯೋಗ್ಯತೆ ನನಗಿಲ್ಲ. ಯಾಕೆ ಅಂತ ಹೇಳಿಬಿಡುತ್ತೇನೆ.

ನನ್ನ ಕಂಪ್ಯೂಟರಿನ ಡಿ ಡ್ರೈವ್‌ನಲ್ಲಿ ಒಂದು ಫೋಲ್ಡರ್ ಇದೆ. ಹೆಸರು ‘ಪ್ರಾಜೆಕ್ಟ್ ರೆಡಿ’. ಪರಿಸರ ಮಾಲಿನ್ಯ, ಮಳೆನೀರು ಕೊಯ್ಲು, ಬಹಮನಿ ಸುಲ್ತಾನರು, ಸೌರಶಕ್ತಿ, ಹೈದರಾಬಾದ್ ಕರ್ನಾಟಕ ವಿಮೋಚನೆ, ಹಿಂಗೆ ನಲವತ್ತಕ್ಕೂ ಹೆಚ್ಚು ಫೈಲು. ಪೂರ್ತಿ ಸಿದ್ಧ. ಮಗುವಿನ ಹೆಸರು, ಶಾಲೆಯ ಹೆಸರು, ರೋಲ್ ನಂಬರು ಬದಲಾಯಿಸಿ ಪ್ರಿಂಟ್ ಕೊಟ್ಟರೆ ಮುಗೀತು. ಬೈಂಡಿಂಗ್ ಸೇರಿ 60 ರೂಪಾಯಿ. ಬಣ್ಣದ ಮುಖಪುಟ ಬೇಕಾದರೆ 10 ಜಾಸ್ತಿ. ಡಿಸೆಂಬರ್, ಜನವರಿ ಬಂದರೆ ನನ್ನ ಸುಗ್ಗಿ. ನಾನೊಬ್ಬಳೇ ಅಲ್ಲ, ಊರಿನ ಎಷ್ಟೋ ಅಂಗಡಿಗಳಲ್ಲಿ ಇಂಥ ಫೋಲ್ಡರ್ ಇದೆ.

ಒಂದು ಸಲ ಗಡಿಬಿಡಿಯಲ್ಲಿ ಒಂದೇ ತರಗತಿಯ ಇಬ್ಬರಿಗೆ ಒಂದೇ ಫೈಲ್ ಕೊಟ್ಟೆ. ಎರಡನೆಯವನ ಪುಸ್ತಕದ ಒಳಗೆ ಕೃತಜ್ಞತೆ ಪುಟದಲ್ಲಿ ಮೊದಲನೆಯವನ ಹೆಸರೇ ಉಳಿದಿತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ನೆನಪಾಗಿ ತುತ್ತು ಗಂಟಲಲ್ಲಿ ಇಳೀಲಿಲ್ಲ. ಏನೂ ಆಗಲಿಲ್ಲ. ಒಬ್ಬನಿಗೆ 18 ಬಂತು, ಇನ್ನೊಬ್ಬನಿಗೆ 14. ಒಂದೇ ಅಕ್ಷರ, ಒಂದೇ ಚಿತ್ರ, ಒಂದೇ ತಪ್ಪು. ನಾಲ್ಕು ಅಂಕದ ವ್ಯತ್ಯಾಸ ಎಲ್ಲಿಂದ ಬಂತು ಅಂತ ಆ ಇಬ್ಬರು ಹುಡುಗರು ನನ್ನ ಅಂಗಡಿ ಕಟ್ಟೆಯ ಮೇಲೆ ಕೂತು ಅರ್ಧ ತಾಸು ವಾದ ಮಾಡಿದರು.

ಹಾಗಾಗಿ ‘ಎಐ ಬಂದು ಮಕ್ಕಳು ಕೆಟ್ಟರು’ ಅಂತ ಯಾರಾದರೂ ಅಂದರೆ ನನಗೆ ಒಳಗೊಳಗೇ ನಗು ಬರುತ್ತೆ. ಚಾಟ್‌ಜಿಪಿಟಿ ಹೊರಬಂದದ್ದು 2022ರ ನವೆಂಬರ್ 30ಕ್ಕೆ. ನನ್ನ ಫೋಲ್ಡರ್ ಅದಕ್ಕಿಂತ ಎಷ್ಟೋ ವರ್ಷ ಹಿರಿಯದು. ಎಐ ಮಾಡಿದ್ದು ಇಷ್ಟೇ: ನನ್ನ ವ್ಯಾಪಾರ ಕಿತ್ತುಕೊಂಡಿತು. ಮೊದಲು 60 ರೂಪಾಯಿಗೆ ನಾನು ಮಾಡುತ್ತಿದ್ದ ಮೋಸವನ್ನು ಅದು ಪುಕ್ಕಟೆ ಮಾಡಿಕೊಡುತ್ತಿದೆ, ಅಷ್ಟೇ ಅಲ್ವಾ? ನನಗೆ ಈಗ ಪ್ರಿಂಟಿನ ದುಡ್ಡು ಮಾತ್ರ.

ಆದರೆ ಒಂದು ವ್ಯತ್ಯಾಸ ಇದೆ, ಅದನ್ನು ಮುಚ್ಚಿಡಬಾರದು. ನನ್ನ ಫೈಲುಗಳನ್ನು ಮನುಷ್ಯರು ಬರೆದಿದ್ದರು. ಯಾರೋ ಮೇಷ್ಟ್ರು ಟೈಪ್ ಮಾಡಿಸಲು ಕೊಟ್ಟದ್ದು, ಯಾವುದೋ ಪುಸ್ತಕದಿಂದ ಇಳಿಸಿದ್ದು. ತಪ್ಪಿದ್ದರೂ ಹಳೇ ತಪ್ಪುಗಳು, ನನಗೆ ಪರಿಚಯದ ತಪ್ಪುಗಳು. ಎಐ ಕೊಡುವ ತಪ್ಪು ಹಾಗಲ್ಲ. ಅದು ಮದುವಣಗಿತ್ತಿ ಹಾಗೆ ಸಿಂಗಾರ ಮಾಡಿಕೊಂಡು ಬರುತ್ತೆ. ವ್ಯಾಕರಣ ಸರಿ, ವಾಕ್ಯ ಸರಿ, ಹೊಳೆ ಮಾತ್ರ ಬೇರೆ ಜಿಲ್ಲೆಯದು.

ಇದು ಯಾಕೆ ಹೀಗೆ ಅಂತ ನನಗೆ ಸ್ವಲ್ಪ ಗೊತ್ತು, ಕನ್ನಡ ಟೈಪಿಂಗಿನಲ್ಲೇ ಜೀವನ ಸವೆಸಿದ್ದರಿಂದ. ಈ ಎಐಗಳು ಅಪಾರ ಬರಹವನ್ನು ಓದಿ, ಒಂದು ಮಾತಿನ ಮುಂದೆ ಯಾವ ಮಾತು ಬರಬಹುದು ಅಂತ ಲೆಕ್ಕ ಹಾಕಿ ಜೋಡಿಸುತ್ತವೆ. ಓದಿದ್ದು ಹೆಚ್ಚಾಗಿ ಇಂಗ್ಲಿಷ್. ಕನ್ನಡ ಕಡಿಮೆ, ನಮ್ಮ ಕಡೆಯ ಸಂಗತಿ ಇನ್ನೂ ಕಡಿಮೆ. ‘ಕರ್ನಾಟಕ, ಕೋಟೆ, ನದಿ’ ಅಂದ ಕೂಡಲೇ ಅದರ ಬಾಯಿಗೆ ಮೊದಲು ತುಂಗಭದ್ರೆ ಬಂದಿರಬೇಕು. ಗೊತ್ತಿಲ್ಲ ಅನ್ನಲು ಎಷ್ಟೋ ಸಲ ಅದಕ್ಕೆ ಬಾಯೇ ಬರುವುದಿಲ್ಲ, ನಮ್ಮ ಕೆಲವು ನೆಂಟರ ಹಾಗೆ.

ಕನ್ನಡ ಕಡಿಮೆ ಯಾಕಿದೆ ಅನ್ನುವುದಕ್ಕೆ ನನ್ನಂಥವರೂ ಒಂದು ಕಾರಣ, ತಮಾಷೆ ನೋಡಿ. ನಾನು ಮೊದಲು ಕಲಿತದ್ದು ಟೈಪ್‌ರೈಟರ್. ಕನ್ನಡ ಜೂನಿಯರ್ ಪಾಸು. ಕಂಪ್ಯೂಟರಿಗೆ ಬಂದಾಗ ನುಡಿ ತಂತ್ರಾಂಶ, ಅದರಲ್ಲಿ ಕೆ.ಪಿ. ರಾವ್ ಅವರ ಕೀಲಿಮಣೆ. ಬೆರಳಿಗೆಲ್ಲ ಮತ್ತೆ ಮೊದಲಿಂದ ಪಾಠ. ಅಂದಿನ ನುಡಿ ಅಕ್ಷರಗಳು ಯೂನಿಕೋಡ್, ಅಂದರೆ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಒಂದೇ ಅಕ್ಷರವಾಗಿ ಓದಿಸಿಕೊಳ್ಳುವ ಸಂಕೇತ, ಆಗಿರಲಿಲ್ಲ. ನಾನು ‘ಕನ್ನಡ’ ಅಂತ ಹೊಡೆದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಅವುಗಳ ತಲೆಯ ಮೇಲೆ ಗೆರೆ, ನಡುವೆ ಒಂದು ಪೌಂಡಿನ ಗುರುತು ಕಾಣುತ್ತೆ. ಇರುವೆ ಸಾಲು ಹರಿದಾಡಿದ ಹಾಗೆ. ಇಪ್ಪತ್ತು ವರ್ಷ ನಾವು ಓಣಿ ಓಣಿಯಲ್ಲಿ ಕೂತು ಟೈಪ್ ಮಾಡಿದ ಪ್ರಬಂಧ, ಊರಿನ ಇತಿಹಾಸ, ಜಾತ್ರೆಯ ಸ್ಮರಣ ಸಂಚಿಕೆ, ತತ್ವಪದಗಳ ಸಂಗ್ರಹ ಎಲ್ಲ ಆ ಇರುವೆ ಸಾಲಿನಲ್ಲೇ ಸಿಕ್ಕಿಕೊಂಡಿದೆ. ಯೂನಿಕೋಡಿಗೆ ಬದಲಾಯಿಸುವ ಸಾಧನ ಇದೆ, ಬದಲಾಯಿಸುವ ತಾಳ್ಮೆ ಯಾರಿಗಿದೆ? ಕಾಗಿಣಾ ದಂಡೆಯ ಮಾತು ಎಐಗೆ ಎಲ್ಲಿಂದ ಗೊತ್ತಾಗಬೇಕು.

ಹಂಗಂತ ಎಲ್ಲವೂ ತಪ್ಪಲ್ಲ. ಪರೀಕ್ಷೆ ಮಾಡೋಣ ಅಂತ ಒಂದು ದಿನ ನಾನೇ ನಮ್ಮ ಜಿಲ್ಲೆಯ ಸನ್ನತಿ ಊರಿನ ಬಗ್ಗೆ ಕೇಳಿದೆ. ಚಂದ್ರಲಾಂಬೆ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿ ಗುಡಿಯ ಮಾಡು ಕುಸಿದಾಗ ಅಶೋಕನ ಶಾಸನ ಸಿಕ್ಕಿದ್ದು, ಪಕ್ಕದ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೊರೆದ ಅವನ ಶಿಲ್ಪ ಸಿಕ್ಕಿದ್ದು, ಎಲ್ಲ ಬರೋಬರಿ ಹೇಳಿತು. ಸನ್ನತಿ ಬಗ್ಗೆ ಹೊರಗಿನವರೂ ಇಂಗ್ಲಿಷಿನಲ್ಲಿ ಬೇಕಾದಷ್ಟು ಬರೆದಿದ್ದಾರೆ, ಅದಕ್ಕೇ ಇರಬೇಕು.

ಇನ್ನು ಅದರ ಕನ್ನಡದ ಬಗ್ಗೆ. ಈಗ ನನಗೆ ಕಣ್ಣು ಮುಚ್ಚಿ ಹೇಳಲು ಬರುತ್ತೆ. ಪ್ರತಿ ಪುಟದಲ್ಲೂ ಯಾವುದೋ ಒಂದು ‘ಮಹತ್ವದ ಪಾತ್ರ ವಹಿಸುತ್ತದೆ’. ಸೌರಶಕ್ತಿಯೂ ಪಾತ್ರ ವಹಿಸುತ್ತದೆ, ಎರೆಹುಳುವೂ ವಹಿಸುತ್ತದೆ, ಅಕ್ಕಮಹಾದೇವಿಯೂ ವಹಿಸುತ್ತಾಳೆ. ನಾಟಕ ಕಂಪನಿಯಲ್ಲೂ ಇಷ್ಟು ಪಾತ್ರ ಇರುವುದಿಲ್ಲ. ಜೊತೆಗೆ ಅಲ್ಲಲ್ಲಿ ಎರಡೆರಡು ಚುಕ್ಕೆ ಗುರುತು, ನಕ್ಷತ್ರದ ಹಾಗೆ. ದಪ್ಪ ಅಕ್ಷರಕ್ಕೆ ಎಐ ಹಾಕುವ ಗುರುತು ಅದು, ಕಾಪಿ ಮಾಡಿದಾಗ ಹಾಗೇ ಉಳಿದುಬಿಡುತ್ತೆ. ನಾಲ್ಕು ದುಡ್ಡು ಕೊಡದಿದ್ದರೂ ಪರವಾಗಿಲ್ಲ, ಆ ನಕ್ಷತ್ರಗಳನ್ನು ನಾನೇ ಅಳಿಸಿ ಕೊಡುತ್ತೇನೆ. ಅದೂ ಒಂಥರಾ ಮೋಸಕ್ಕೆ ಕೈಜೋಡಿಸಿದ ಹಾಗೆ, ಗೊತ್ತು.

ಕಾಲೇಜಿನವರದ್ದು ಇನ್ನೊಂದು ಕಥೆ. ಅವರು ಬಂದು ‘ಪರ್ಸೆಂಟೇಜ್ ಇಳಿಸಿ ಕೊಡ್ರಿ’ ಅನ್ನುತ್ತಾರೆ. ನಾನು ಬಡ್ಡಿ ಅಂಗಡಿ ಇಟ್ಟಿಲ್ಲವಲ್ಲ ಅಂತ ಮೊದಲು ಅರ್ಥವೇ ಆಗಿರಲಿಲ್ಲ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2018ರ ನಿಯಮದಲ್ಲಿ ಬೇರೆಯವರ ಬರಹದ ಜೊತೆ ಹೋಲಿಕೆ ಶೇ 10ರ ಒಳಗಿದ್ದರೆ ಶಿಕ್ಷೆ ಇಲ್ಲ. ಆ ಹತ್ತರ ಒಳಗೆ ಬರಲು, ಕದ್ದ ಪುಟವನ್ನು ಎಐಗೆ ಹಾಕಿ ಮಾತು ತಿರುಗಿಸಿಕೊಳ್ಳುತ್ತಾರೆ. ಕಳ್ಳನನ್ನು ಹಿಡಿಯಲು ಒಂದು ಸಾಫ್ಟ್‌ವೇರ್, ತಪ್ಪಿಸಿಕೊಳ್ಳಲು ಇನ್ನೊಂದು. ನಡುವೆ ಓದಿದವರು ಯಾರೂ ಇಲ್ಲ.

ಈಗ ಇನ್ನೊಂದು ಮಗುವಿನ ಮಾತು ಹೇಳಬೇಕು. ಇಲ್ಲದಿದ್ದರೆ ಪತ್ರ ಒಂದೇ ಕಡೆ ವಾಲುತ್ತೆ.

ಜೇವರ್ಗಿ ಕಡೆಯ ಹುಡುಗಿ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ಒಳ್ಳೆ ಅಂಕ ಬಂತು ಅಂತ ಪಿಯುಸಿ ಸೈನ್ಸ್ ಸೇರಿಸಿದ್ದಾರೆ. ಹಾಸ್ಟೆಲ್‌ನಲ್ಲಿದ್ದಾಳೆ. ಅಪ್ಪ ಅವ್ವ ಕೂಲಿಗೆ ಹೋಗುತ್ತಾರೆ. ಜೂನ್‌ನಲ್ಲಿ ತರಗತಿಗೆ ಹೋಗಿ ಕೂತರೆ ಎಲ್ಲ ಇಂಗ್ಲಿಷ್. ಇದು ನಮ್ಮ ಕಡೆ ಎಷ್ಟು ಮಕ್ಕಳನ್ನು ಮುರಿದು ಹಾಕಿದೆ ಅಂತ ನಾನು ಅಂಗಡಿಯಲ್ಲಿ ಕೂತೇ ನೋಡಿದ್ದೇನೆ. ಜೂನ್‌ನಲ್ಲಿ ಸೈನ್ಸ್ ಅಂತ ನೋಟ್ಸ್ ಜೆರಾಕ್ಸ್ ಮಾಡಿಸುವವರು ಆಗಸ್ಟ್‌ನಲ್ಲಿ ಆರ್ಟ್ಸ್‌ಗೆ ಬದಲಾಯಿಸಲು ಅರ್ಜಿ ಟೈಪ್ ಮಾಡಿಸಲು ಬರುತ್ತಾರೆ.

ಈ ಹುಡುಗಿ ಅರ್ಜಿ ತರಲಿಲ್ಲ. ಒಂದು ಇನ್ನೂರು ಪೇಜಿನ ನೋಟ್‌ಬುಕ್ ತಂದಳು, ಅದರ ಕೆಲವು ಹಾಳೆ ಗೆಳತಿಗೆ ಜೆರಾಕ್ಸ್ ಬೇಕಿತ್ತು. ಎಡಗಡೆ ಇಂಗ್ಲಿಷ್ ಪದವನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದಾಳೆ, ಬಲಗಡೆ ಅವಳಿಗೆ ಶಾಲೆಯಲ್ಲಿ ಗೊತ್ತಿದ್ದ ಪದ. ಆಕ್ಸಲರೇಷನ್, ವೇಗೋತ್ಕರ್ಷ. ಫೋಟೋಸಿಂಥಸಿಸ್, ದ್ಯುತಿಸಂಶ್ಲೇಷಣೆ. ರೆಸಿಸ್ಟೆನ್ಸ್, ರೋಧ. ಹೀಗೆ ಪುಟಗಟ್ಟಲೆ. ಯಾರು ಹೇಳಿಕೊಟ್ಟರು ಅಂತ ಕೇಳಿದೆ. ಅಣ್ಣನ ಹಳೇ ಫೋನಿನಲ್ಲಿ ಎಐ ಇದೆಯಂತೆ. ರಾತ್ರಿ ಹಾಸಿಗೆಯಲ್ಲಿ ಕೂತು ಕನ್ನಡದಲ್ಲೇ ಮಾತಾಡಿ ಕೇಳುತ್ತಾಳಂತೆ.

‘ಮೊದಲ ದಿನ ಮೋಲ್ ಅಂದ್ರೇನು ಅಂತ ಕೇಳ್ದೆ ರೀ. ಅದಕ್ಕ ಮೊಲ ಅಂತ ಕೇಳಿಸ್ತು. ಎರಡು ಉದ್ದನ ಕಿವಿ, ಹುಲ್ಲು ತಿಂತದ ಅಂತ ಹೇಳ್ಲಕತ್ತು!’ ಅಂದು ಬಿದ್ದು ಬಿದ್ದು ನಕ್ಕಳು. ಆಮೇಲೆ ‘ಕೆಮಿಸ್ಟ್ರಿ ಮೋಲ್’ ಅಂತ ಕೇಳಿದಳಂತೆ. ಡಜನ್ ಅಂದರೆ ಹೇಗೆ ಹನ್ನೆರಡೋ ಹಾಗೆ ಮೋಲ್ ಅಂದರೂ ಒಂದು ಎಣಿಕೆ, ಸಂಖ್ಯೆ ಮಾತ್ರ ಭಾರಿ ದೊಡ್ಡದು ಅಂತ ಹೇಳಿತಂತೆ. ಅದನ್ನು ಐದು ಸಲ ಕೇಳಿದಳಂತೆ. ‘ಐದು ಸಲ ಕೇಳಿದ್ರೂ ಬೈಲಿಲ್ಲ ರೀ ಅದು’ ಅಂದಳು.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ತರಗತಿಯಲ್ಲಿ ಎರಡನೇ ಸಲ ಕೇಳಲು ಹೆದರುವ ಮಗು ರಾತ್ರಿ ಐದನೇ ಸಲ ಕೇಳಿತಲ್ಲ. ಅವಳ ಮನೆಯಲ್ಲಿ ಹೇಳಿಕೊಡುವವರಿಲ್ಲ, ಟ್ಯೂಷನ್ನಿಗೆ ದುಡ್ಡಿಲ್ಲ. ಊರಲ್ಲಿ ದುಡ್ಡಿದ್ದವರ ಮಕ್ಕಳಿಗೆ ಮೊದಲಿಂದಲೂ ಇಂಥ ಒಬ್ಬರು ಮನೆಗೆ ಬಂದು ಹೇಳಿಕೊಡುತ್ತಿದ್ದರು. ಇವಳಿಗೆ ಈಗ ಸಿಕ್ಕಿದೆ, ಮೊಲದ ಕಿವಿ ಹಿಡಿದುಕೊಂಡಾದರೂ ಸಿಕ್ಕಿದೆ. ಎಐ ಹೇಳಿದ್ದನ್ನು ಪಠ್ಯಪುಸ್ತಕದ ಜೊತೆ ಇಟ್ಟು ನೋಡುತ್ತಾಳೆ. ಮೊಲದ ದೆಸೆಯಿಂದ ಆ ಬುದ್ಧಿ ಬಂತಂತೆ.

ಒಂದೇ ಫೋನು, ಒಂದೇ ಎಐ. ಸೇಡಂ ಹುಡುಗ ಅದರ ಕೈಯಲ್ಲಿ ಕೆಲಸ ಮುಗಿಸಿಕೊಂಡ. ಜೇವರ್ಗಿ ಹುಡುಗಿ ಅದಕ್ಕೆ ಪ್ರಶ್ನೆ ಕೇಳಿದಳು. ಯಾಕೆ ಹೀಗೆ ಅಂತ ಬಹಳ ದಿನ ಯೋಚನೆ ಮಾಡಿದೆ. ಹುಡುಗ ದಡ್ಡನಲ್ಲ, ಕಾಗಿಣಾ ಅವನಿಗೆ ಗೊತ್ತಿತ್ತು. ಅವನಿಗೆ ಆ ಪ್ರಾಜೆಕ್ಟಿನಿಂದ ಏನೂ ಬೇಕಿರಲಿಲ್ಲ, ಅಂಕ ಬೇಕಿತ್ತು. ಅದನ್ನು ಯಾರೂ ಓದುವುದಿಲ್ಲ ಅಂತಲೂ ಗೊತ್ತಿತ್ತು. ಯಾರೂ ಓದದ ಹನ್ನೆರಡು ಪುಟವನ್ನು ಕೈನೋವು ಮಾಡಿಕೊಂಡು ಬರಿ ಅಂದರೆ ನೀವಾದರೂ ಬರೀತೀರಾ?

ಹತ್ತನೇ ತರಗತಿಯಲ್ಲಿ 80 ಅಂಕ ಬರವಣಿಗೆ ಪರೀಕ್ಷೆಗೆ, 20 ಅಂಕ ಶಾಲೆಯ ಒಳಗಿನ ಮೌಲ್ಯಮಾಪನಕ್ಕೆ. ಮೊದಲ ಭಾಷೆಯಲ್ಲಿ ಮಾತ್ರ 100 ಮತ್ತು 25. ಆ 80ಕ್ಕೆ ಎಷ್ಟು ಕಾವಲು ನೋಡಿ. 2024ರಿಂದ ಕೊಠಡಿಯಲ್ಲಿ ಕ್ಯಾಮೆರಾ, ವೆಬ್‌ಕಾಸ್ಟಿಂಗ್. ಪರೀಕ್ಷೆ ದಿನ ಕೇಂದ್ರದ ಸುತ್ತ 200 ಮೀಟರ್ ಒಳಗೆ ನಮ್ಮಂಥ ಜೆರಾಕ್ಸ್ ಅಂಗಡಿ ಮುಚ್ಚಿಸುತ್ತಾರೆ. ಮುಚ್ಚಿಸಲಿ, ನಕಲು ಹೊಡೆಯಲು ಮೈಕ್ರೋ ಚೀಟಿ ಮಾಡಿಕೊಟ್ಟವರು ಇದ್ದಾರೆ. ಕ್ಯಾಮೆರಾ ಬಂದ ವರ್ಷವೇ ರಾಜ್ಯದ ಫಲಿತಾಂಶ ಶೇ 83.89ರಿಂದ 73.40ಕ್ಕೆ ಇಳಿಯಿತು. 2025ರಲ್ಲಿ ನಮ್ಮ ಕಲಬುರಗಿ ಜಿಲ್ಲೆಗೆ ಕೊನೆಯ ಸ್ಥಾನ, ಶೇ 42.43. ಆ ದಿನ ಅಂಗಡಿಯಲ್ಲಿ ಫಲಿತಾಂಶದ ಪ್ರಿಂಟ್ ತೆಗೆಸಿಕೊಂಡ ತಾಯಂದಿರ ಮುಖ ನೋಡಲಾಗಲಿಲ್ಲ. ಕ್ಯಾಮೆರಾ ತಪ್ಪು ಅನ್ನುತ್ತಿಲ್ಲ. ಆದರೆ ಕ್ಯಾಮೆರಾ ಮಗುವಿನ ಕೈ ನೋಡುತ್ತೆ, ತಲೆಯಲ್ಲಿ ಏನಿದೆ ಅಂತ ಕೇಳುವುದಿಲ್ಲ. ಅದನ್ನು ಕೇಳಲು ಇದ್ದದ್ದು ಈ 20 ಅಂಕ. ಅದನ್ನು ನನ್ನ ಡಿ ಡ್ರೈವ್‌ಗೆ ಬಿಟ್ಟುಕೊಟ್ಟಿದ್ದಾರೆ.

ಎಲ್ಲರೂ ಅಲ್ಲ. ಇಲ್ಲೇ ಹತ್ತಿರದ ಒಂದು ಹಳ್ಳಿಯ ಹೈಸ್ಕೂಲಿನ ಮೇಷ್ಟ್ರ ವಿಷಯ ಬರೆಯಲೇಬೇಕು. ಊರು, ಹೆಸರು ಬೇಡ. ಅವರು ವಿಜ್ಞಾನದ ಪ್ರಾಜೆಕ್ಟು ಅಂತ ‘ತೊಗರಿ ಬೆಳೆಯ ರೋಗಗಳು’ ಅಂತ ಕೊಟ್ಟಿದ್ದರೆ ಇಪ್ಪತ್ತು ಪುಟ ಎಐ ಬರೆಯುತ್ತಿತ್ತು. ಅವರು ಕೊಟ್ಟದ್ದು ಬೇರೆ. ‘ನಿಮ್ಮ ಹೊಲದಾಗ, ಇಲ್ಲಾಂದ್ರ ಮಗ್ಗಲ ಹೊಲದಾಗ ಒಣಗಿದ ಒಂದು ತೊಗರಿ ಗಿಡ ಹುಡುಕ್ರಿ. ಯಾಕ ಒಣಗ್ತು ಅಂತ ಮನ್ಯಾಗಿನ ಹಿರಿಯರಿಗಿ ಕೇಳ್ರಿ. ಅವರು ಹೇಳಿದ್ದು ಅವರ ಮಾತಿನ್ಯಾಗೇ ಬರೀರಿ. ಎರಡು ಪುಟ ಸಾಕು. ಬಂದು ನನ್ನ ಮುಂದ ನಿಂತು ಹೇಳ್ರಿ.’

ಆ ಶಾಲೆಯ ಒಬ್ಬಳು ಹುಡುಗಿ ಮುತ್ಯಾನ ಜೊತೆ ನನ್ನ ಅಂಗಡಿಗೆ ಬಂದಳು. ಮುತ್ಯಾ ದವಾಖಾನೆಗೆ ಬಂದಿದ್ದರು, ಹಾದಿಯಲ್ಲಿ ಒಂದು ಫೋಟೋ ಪ್ರಿಂಟ್ ತೆಗೆಸಿಕೊಂಡು ಹೋಗೋಣ ಅಂತ. ಫೋಟೋದಲ್ಲಿ ಉದ್ದಕ್ಕೆ ಸೀಳಿದ ತೊಗರಿ ಕಟ್ಟಿಗೆ, ಒಳಗೆ ಕಪ್ಪು ಗೆರೆ. ಇದೇನು ಅಂತ ಕೇಳಿದ್ದೇ ತಡ, ಮುತ್ಯಾ ಶುರು ಮಾಡಿದರು. ‘ಇದು ನೆಟೆ ರೋಗ ನೋಡವ್ವ. ಮೇಲಿಂದ ನೋಡಿದ್ರ ನೀರಿಲ್ದ ಒಣಗ್ಯಾದ ಅನಸ್ತದ. ಬುಡಕ್ಕ ನೀರು ಇರ್ತದ, ಗಿಡ ಕುಡೀಲಕ್ಕ ಬರಲ್ಲ ಅದಕ್ಕ. ಕುಡಗೋಲಿಂದ ಸೀಳಿದ್ರ ಒಳಗ ಕರಿ ಗೆರಿ ಕಾಣ್ತದ. ಕಂಡ್ರ ಮುಗೀತು. ಅದೇ ಹೊಲದಾಗ ಮತ್ತ ಮತ್ತ ತೊಗರಿ ಹಾಕಿದ್ರ ಇದು ಬಿಡಲ್ಲ.’ 2022ರಲ್ಲಿ ನಮ್ಮ ಜಿಲ್ಲೆಯಲ್ಲಿ ನೆಟೆ ರೋಗ ಎಷ್ಟು ಹೊಲ ತಿಂದಿತು ಅಂತ ತೊಗರಿ ಬೆಳೆದವರಿಗೆ ಬೇರೆ ಹೇಳಬೇಕಿಲ್ಲ. ಮುತ್ಯಾ ಆ ವರ್ಷದ ಕಥೆ ಪೂರ್ತಿ ಹೇಳಿದರು. ಗಿರಾಕಿಗಳು ಸಾಲಾಗಿ ನಿಂತು ಕೇಳಿದರು, ಯಾರೂ ಗಡಿಬಿಡಿ ಮಾಡಲಿಲ್ಲ.

ಹುಡುಗಿ ಏನು ಮಾಡಿದಳು ಗೊತ್ತಾ? ಮನೆಗೆ ಹೋಗಿ ಎಐಗೆ ಕೇಳಿದ್ದಾಳೆ, ‘ಬುಡದಲ್ಲಿ ನೀರಿದ್ದರೂ ಗಿಡ ಯಾಕೆ ಕುಡಿಯಲ್ಲ?’ ಅಂತ. ಮಣ್ಣಿನಲ್ಲಿರುವ ಫ್ಯುಸೇರಿಯಂ ಅನ್ನುವ ಶಿಲೀಂಧ್ರ ಬೇರಿನಿಂದ ಒಳಗೆ ಹೋಗಿ ನೀರು ಏರುವ ನಾಳಗಳನ್ನೇ ಕಟ್ಟಿಹಾಕುತ್ತೆ ಅಂತ ಉತ್ತರ ಬಂದಿದೆ. ಸರಿಯಾದ ಉತ್ತರವೇ. ಮುಂದಿನ ಸಲ ಬಂದಾಗ ಆ ಎರಡು ಪುಟ ನನಗೆ ತೋರಿಸಿದಳು. ಮೊದಲ ಪುಟದಲ್ಲಿ ಮುತ್ಯಾನ ಮಾತು, ಎರಡನೇ ಪುಟದಲ್ಲಿ ಶಿಲೀಂಧ್ರ. ಮೇಷ್ಟ್ರು ಐದು ನಿಮಿಷ ನಿಲ್ಲಿಸಿ ಪ್ರಶ್ನೆ ಕೇಳಿದರಂತೆ, ಆರನೇ ನಿಮಿಷಕ್ಕೆ ಇವಳೇ ಮೇಷ್ಟ್ರಿಗೆ ಪ್ರಶ್ನೆ ಕೇಳಿದಳಂತೆ. ಆ ಪ್ರಾಜೆಕ್ಟಿನಿಂದ ನನಗೆ ಬಂದದ್ದು ಒಂದು ಬಣ್ಣದ ಪ್ರಿಂಟಿನ 10 ರೂಪಾಯಿ.

ನಾನು ಹೇಳಬೇಕಾದ್ದು ಇದನ್ನೇ. ಹೊಲ ಮೊದಲು, ಫೋನ್ ಆಮೇಲೆ. ಆಗ ಎಐ ಹೇಳಿದ್ದು ಮಗುವಿನ ತಲೆಗೆ ಹೋಗಿ ಅಂಟಿಕೊಳ್ಳುತ್ತೆ, ಯಾಕಂದರೆ ಅಂಟಲು ಒಂದು ಕರಿ ಗೆರೆ ಅಲ್ಲಿ ಮೊದಲೇ ಇರುತ್ತೆ. ಫೋನ್ ಮೊದಲಾದರೆ ತುಂಗಭದ್ರಾ ಬಂದು ಕೂರುತ್ತೆ. ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಇಲಾಖೆ ಬೇಡ. ಪ್ರಶ್ನೆ ಬೇರೆ ಥರ ಕೊಡಬೇಕು, ಮಗುವನ್ನು ಐದು ನಿಮಿಷ ಎದುರಿಗೆ ನಿಲ್ಲಿಸಿ ಕೇಳಬೇಕು.

ಮೇಷ್ಟ್ರುಗಳು ಕೂಡಲೇ ಹೇಳುವುದು ನನಗೆ ಗೊತ್ತು, ಅವರ ಎಷ್ಟು ಪತ್ರ ಟೈಪ್ ಮಾಡಿಲ್ಲ ನಾನು. ಒಂದು ತರಗತಿಯಲ್ಲಿ ಅರವತ್ತು ಮಕ್ಕಳು, ಖಾಲಿ ಹುದ್ದೆ, ಗಣತಿ ಕೆಲಸ, ಚುನಾವಣೆ ಕೆಲಸ, ಆನ್‌ಲೈನ್‌ನಲ್ಲಿ ತುಂಬಬೇಕಾದ ಮಾಹಿತಿ. ಅರವತ್ತು ಮಕ್ಕಳಿಗೆ ಐದೈದು ನಿಮಿಷ ಅಂದರೆ ಐದು ತಾಸು. ಖರೇ. ಆದರೆ ಅರವತ್ತು ಸ್ಪೈರಲ್ ಪುಸ್ತಕ ಓದಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕಲ್ಲ? ಓದುವುದಿಲ್ಲ ಅಂತ ಲೆಕ್ಕ ಹಾಕಿದರೆ ಮಾತ್ರ ಅದು ಕಡಿಮೆ. ಪುಟ ಕಡಿಮೆ ಮಾಡಿ, ಬೈಂಡಿಂಗ್ ಬೇಡ ಅನ್ನಿ, ವರ್ಷಕ್ಕೆ ಒಂದೇ ಸಲ ಕೇಳಿ. ಕೂಲಿಗೆ ಹೋಗುವ ತಾಯಿಗೆ 60 ರೂಪಾಯಿ ಉಳಿಯುತ್ತೆ. ಅವರು ಸೆರಗಿನ ಗಂಟಿನಿಂದ ಬಿಚ್ಚಿ ಕೊಡುವ ನೋಟು ತೆಗೆದುಕೊಳ್ಳುವಾಗ ನನಗೂ ಒಂಥರಾ ಆಗುತ್ತೆ. ತೆಗೆದುಕೊಳ್ಳುತ್ತೇನೆ, ಅದು ಬೇರೆ ಮಾತು.

ಕೇಳಲು ಪ್ರಶ್ನೆಗಳಿಗೇನು ಬರ? ನಿಮ್ಮ ಮನೆಯ ನೆಲದ ಫರಸಿ ಯಾವ ಗಣಿಯಿಂದ ಬಂತು, ಶಹಾಬಾದ್ ಕಲ್ಲು ಪದರ ಪದರವಾಗಿ ಯಾಕೆ ಏಳುತ್ತೆ? ನಿಮ್ಮ ಓಣಿಯ ಬೋರು ಎಷ್ಟು ಅಡಿ, ಹತ್ತು ವರ್ಷದ ಹಿಂದೆ ಎಷ್ಟು ಇತ್ತು? ನಮ್ಮ ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿ 1367ರದ್ದು, ಅದಕ್ಕೆ ನಡುವೆ ಬಯಲು ಅಂಗಳವೇ ಇಲ್ಲ, ಹಾಗಾದರೆ ಒಳಗೆ ಬೆಳಕು ಎಲ್ಲಿಂದ ಬರುತ್ತೆ, ಹೋಗಿ ನೋಡಿ ಬರೆಯಿರಿ. ನಮ್ಮ ಮಕ್ಕಳಿಗೆ ಅದು ಆಟೋ ದೂರದಲ್ಲಿದೆ.

ಈಗ 2026-27ರಿಂದ ಮೂರನೇ ತರಗತಿಯಿಂದಲೇ ಎಐ ಪಾಠ ಅಂತ ಕೇಂದ್ರ ಸರ್ಕಾರ ಹೇಳಿದೆ. ಕಲಿಸಲಿ, ಬೇಡ ಅನ್ನುವವಳು ನಾನಲ್ಲ. ಹೇಗೂ ಮಕ್ಕಳ ಕೈಗೆ ಫೋನ್ ಬಂದಾಗಿದೆ. ಹಳ್ಳಿ ಮಕ್ಕಳ ಕಲಿಕೆಯ ಸಮೀಕ್ಷೆಯಾದ ‘ಅಸರ್’ನ 2024ರ ವರದಿಯಲ್ಲಿ ದೇಶದ ಹಳ್ಳಿಗಳ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 82 ಜನಕ್ಕೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತೆ. ಸಮೀಕ್ಷೆಯ ಹಿಂದಿನ ವಾರ ಅದನ್ನು ಓದಿಗೆ ಬಳಸಿದವರು ಶೇ 57, ಸೋಷಿಯಲ್ ಮೀಡಿಯಾ ನೋಡಿದವರು ಶೇ 76. ನಮ್ಮ ಪಠ್ಯಪುಸ್ತಕದಲ್ಲಿ ಸರ್ಕಾರದ ಆನ್‌ಲೈನ್ ಪಾಠಗಳ ತಾಣವಾದ ದೀಕ್ಷಾದ ಕ್ಯೂಆರ್ ಕೋಡ್ ಇದೆ. ಅದನ್ನು ಫೋನಿಗೆ ತೋರಿಸಿದ ಮಗುವನ್ನು ನನ್ನ ಅಂಗಡಿಯಲ್ಲಿ ಇಲ್ಲಿಯವರೆಗೆ ನಾನು ನೋಡಿಲ್ಲ. ನನ್ನ ಗೋಡೆಯ ಮೇಲಿನ ಕ್ಯೂಆರ್ ಕೋಡಿಗೆ ಮಾತ್ರ ಎಲ್ಲರೂ ತೋರಿಸುತ್ತಾರೆ, ದುಡ್ಡು ಕೊಡಲು.

ಡಿ ಡ್ರೈವ್‌ನ ಫೋಲ್ಡರ್ ಅಳಿಸಿದೆಯಾ ಅಂತ ನೀವು ಕೇಳಬಹುದು. ಇಲ್ಲ, ಅಳಿಸಿಲ್ಲ. ಕೇಳುವವರು ಕಡಿಮೆಯಾಗಿದ್ದಾರೆ, ಹೋದ ಸುಗ್ಗಿಯಲ್ಲಿ ನಾಲ್ಕು ಜನ ಕೇಳಿದರು, ಕೊಟ್ಟೆ. ಕರೆಂಟ್ ಬಿಲ್ ಇದೆ, ಮಗನ ಫೀಸಿದೆ. ಅದಕ್ಕೆ ಬದಲಾಗಿ ಈ ಜೂನ್‌ನಿಂದ ಅಂಗಡಿ ಮುಂದೆ ಒಂದು ಬೋರ್ಡು ಬರೆದು ಹಾಕಿದ್ದೇನೆ: ‘ಶಾಲೆ ಮಕ್ಕಳು ಸ್ವಂತ ಕೈಯಲ್ಲಿ ಬರೆದ ಹಾಳೆ ತಂದರೆ ಜೆರಾಕ್ಸ್ ಅರ್ಧ ದರ.’ ಇಲ್ಲಿಯವರೆಗೆ ಮೂರು ಜನ ಬಂದಿದ್ದಾರೆ. ಇಬ್ಬರದ್ದು ನಿಜವಾಗಿ ಅವರದ್ದೇ, ಕಾಗುಣಿತದ ತಪ್ಪುಗಳೇ ಸಾಕ್ಷಿ. ಮೂರನೆಯವನ ಅಕ್ಷರ ಮುತ್ತಿನ ಹಾಗೆ. ಓದಿ ನೋಡಿದೆ. ಎರೆಹುಳು ಮಹತ್ವದ ಪಾತ್ರ ವಹಿಸುತ್ತಿತ್ತು. ಎಐ ಕೊಟ್ಟ ಎರಡೆರಡು ನಕ್ಷತ್ರಗಳನ್ನೂ ಬಿಡದೆ ನೀಲಿ ಪೆನ್ನಿನಲ್ಲಿ ಬಿಡಿಸಿದ್ದ. ಬೋರ್ಡು ಬೋರ್ಡೇ, ಅವನ ಹತ್ತಿರವೂ ಅರ್ಧ ದರವೇ ತೆಗೆದುಕೊಂಡೆ.

ಇಂತಿ,
ಒಬ್ಬ ಜೆರಾಕ್ಸ್ ಅಂಗಡಿಯವಳು,
ಕಲಬುರಗಿ